ಚಾವುಷ್ ಬೆದ್ರಿಯ ಇಂಗ್ಲಿಷ್ ಬೋರ್ಡು

ಇಂಗ್ಲಿಷಿನಲ್ಲಿ ಬೋರ್ಡು ಬರೆಸು ಎಂದು ಬೆದ್ರಿಗೆ ಯಾರೂ ಹೇಳಿರಲಿಲ್ಲ. ಅದು ಪೂರ್ತಿ ಅವನದೇ ಬುದ್ಧಿ. ಹಾಗಾಗಿ ಮುಂದೆ ಆದದ್ದಕ್ಕೆಲ್ಲ ಇನ್ನೊಬ್ಬರನ್ನು ಬೈಯುವ ಸುಖವೂ ಅವನಿಗೆ ಸಿಗದೆ ಹೋಯಿತು.

ತುರ್ಕಿಯ ಬೋಜ್ಜಾದಾ ದ್ವೀಪದ ಹಡಗುಕಟ್ಟೆಯಲ್ಲಿ, ಕೋಟೆಯ ಗೋಡೆಗೆ ಎದುರಾಗಿ ಅವನ ದ್ರಾಕ್ಷಿ ಅಂಗಡಿ. ಅಂಗಡಿ ಎಂದರೆ ನಾಲ್ಕು ಕಂಬ, ಒಂದು ತಗಡಿನ ಮಾಡು, ಐದಾರು ಬುಟ್ಟಿ, ಅಷ್ಟೆ. ಅವನು ಮಾರುವುದು ಚಾವುಷ್ ಎಂಬ ಜಾತಿಯ ದ್ರಾಕ್ಷಿ. ಊರವರು ಅವನನ್ನು ಕರೆಯುವುದೂ ಚಾವುಷ್ ಬೆದ್ರಿ ಎಂದೇ. ಅವನ ಅಜ್ಜ ಸೈನ್ಯದಲ್ಲಿ ಚಾವುಷ್, ಎಂದರೆ ಹವಾಲ್ದಾರ, ಆಗಿದ್ದ. ಅಜ್ಜನ ನಂತರ ಅಪ್ಪ, ಅಪ್ಪನ ನಂತರ ಬೆದ್ರಿ, ಇಬ್ಬರೂ ಸೈನ್ಯದಲ್ಲಿ ಅಡುಗೆಮನೆಯಿಂದ ಆಚೆ ಹೋದವರಲ್ಲದಿದ್ದರೂ, ಆ ಪದವಿಯನ್ನು ಪಿತ್ರಾರ್ಜಿತ ಆಸ್ತಿಯಂತೆ ಅನುಭವಿಸಿಕೊಂಡು ಬಂದಿದ್ದರು.

ಆವತ್ತು ಸಾಯಂಕಾಲ ನಾಲ್ಕರ ಹಡಗಿನಲ್ಲಿ ಅವನ ಮಗಳು ಸೆರಾಪ್‌ಳನ್ನು ಕೇಳಲು ಚನಕ್ಕಲೆಯಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ತಾಯ್‌ಫುನ್‌ನನ್ನು ಎಲ್ಲರೂ ಒಪ್ಪಿಯಾಗಿತ್ತು. ಒಪ್ಪಬೇಕಾಗಿದ್ದವರು ಅವನ ದೊಡ್ಡಪ್ಪ ಒಬ್ಬರೇ, ಕ್ಯಾಪ್ಟನ್ ರಗೀಪ್. ನಲವತ್ತು ವರ್ಷ ಸರಕು ಹಡಗು ನಡೆಸಿದವರು, ಇಂಗ್ಲಿಷನ್ನು ಹಲ್ಲುಜ್ಜಿದಷ್ಟು ಸಲೀಸಾಗಿ ಮಾತಾಡುವವರು ಎಂದು ಪ್ರತೀತಿ. ಅವರು ಹೂಂ ಎಂದರೆ ಮದುವೆ, ಊಹೂಂ ಎಂದರೆ ಮುಂದಿನ ಹಡಗು.

ಅಂಥವರ ಕಣ್ಣಿಗೆ ಬೀಳಲಿ ಎಂದೇ ಬೆದ್ರಿ ಆಚೆ ದಡದ ಗೆಯಿಕ್ಲಿಯಿಂದ ಪೇಂಟರ್ ಸೆಜಾಯಿಯನ್ನು ಕರೆಸಿದ. ಸೆಜಾಯಿ ಲಾರಿಗಳ ಹಿಂಭಾಗಕ್ಕೆ ಸೂರ್ಯಾಸ್ತ ಬರೆಯುವುದರಲ್ಲಿ ಪ್ರಸಿದ್ಧ. ಬೆಳಿಗ್ಗೆ ಒಂಬತ್ತಕ್ಕೆ ಬೋರ್ಡು ಮೇಲೇರಿತು. ನೀಲಿ ಹಲಗೆಯ ಮೇಲೆ ಬಿಳಿ ಅಕ್ಷರ: 'ಚೌಸ್ ಬೆದ್ರಿ. ಮೂರು ತಲೆಮಾರಿನಿಂದ.'

"ಚಾವುಷ್ ಅಲ್ವಾ ಇರಬೇಕಾದ್ದು?" ಎಂದ ಬೆದ್ರಿ.

"ಇಂಗ್ಲಿಷರ ನಾಲಗೆ ಹಾಗೆ ತಿರುಗಲ್ಲ ಅಣ್ಣ," ಎಂದ ಸೆಜಾಯಿ, ಕುಂಚ ಒರೆಸುತ್ತ. "ಮನೆಗೆ ಅವರು ಏನಂತಾರೆ? ಹೌಸ್. ಎಚ್, ಓ, ಯು, ಎಸ್, ಇ. ಅದರ ಮುಂದೆ ಒಂದು ಸಿ ಹಚ್ಚಿದ್ರೆ ಚೌಸ್. ಲೆಕ್ಕ ಹಾಕಿ ಬರೆದಿದ್ದೀನಿ, ಸುಮ್ನೆ ಗೀಚಿಲ್ಲ."

ಮರ ಉಳಿಸಲೆಂದು ಬೆದ್ರಿ ಆ ಹಲಗೆಯನ್ನೇ ಮಾಡಿನ ಮುಂದಿನ ತೊಲೆಯಾಗಿ ಕಟ್ಟಿಸಿದ್ದ. ಬೋರ್ಡು ಕಳಚಿದರೆ ತಗಡೆಲ್ಲ ತಲೆಯ ಮೇಲೆ ಬರುವ ಹಾಗೆ.

ಹತ್ತು ಗಂಟೆಗೆ ರೊಟ್ಟಿ ಕೊಳ್ಳಲು ಬಂದ ಪೆರಿಹಾನ್ ಟೀಚರ್ ಬೋರ್ಡಿನ ಎದುರು ನಿಂತರು. ಮೂವತ್ತನಾಲ್ಕು ವರ್ಷ ದ್ವೀಪದ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಕನ್ನಡಕ ಹಾಕಿ ಓದಿದರು, ತೆಗೆದು ಓದಿದರು. ಆಮೇಲೆ ಕೇಳಿದರು:

"ಬೆದ್ರಿ, ಯಾರ ಮೇಲಪ್ಪ ನಿನಗೆ ಸಿಟ್ಟು?"

"ಯಾರ ಮೇಲೂ ಇಲ್ಲವಲ್ಲ ಟೀಚರಮ್ಮ. ಯಾಕೆ?"

"ಹಾಗಾದ್ರೆ ನಿನ್ನನ್ನ ನೀನೇ ಯಾಕೆ ಬೈಕೊಂಡಿದ್ದೀಯ? ಚೌಸ್ ಅಂದ್ರೆ ಮೋಸ ಅಂತ. ಮೋಸಗಾರ ಬೆದ್ರಿ, ಮೂರು ತಲೆಮಾರಿನಿಂದ. ಹೀಗಿದೆ ನಿನ್ನ ಬೋರ್ಡು."

ಪಕ್ಕದ ಚಹಾ ಅಂಗಡಿಯ ಹುಲ್ಕಿ ಅಲ್ಲಿಂದಲೇ ಕಿವಿ ನಿಮಿರಿಸಿದ. ಹುಲ್ಕಿ ಹನ್ನೊಂದು ವರ್ಷದಿಂದ ದ್ರಾಕ್ಷಿ ಬೆಳೆಗಾರರ ಸಂಘದ ಅಧ್ಯಕ್ಷ. ಹಾಗಾಗಿ ದ್ವೀಪದಲ್ಲಿ ಏನು ನಡೆದರೂ ಅದರಲ್ಲಿ ಕೈಯಾಡಿಸುವುದು ತನ್ನ ಕರ್ತವ್ಯ ಎಂದು ತಿಳಿದವನು. ಚಹಾದ ಲೋಟ ಹಿಡಿದೇ ಬಂದ. ಅವನ ಹಿಂದೆಯೇ ಸೆಜಾಯಿಯೂ ಬಂದ.

"ಅಂಥ ಪದ ನಾನು ಕೇಳೇ ಇಲ್ಲ," ಎಂದ ಸೆಜಾಯಿ.

"ನೀನು ಕೇಳದೆ ಇದ್ರೂ ಅದು ಇದೆ," ಎಂದು ಟೀಚರ್ ಮನೆಗೆ ಹೋಗಿ ನಿಘಂಟನ್ನು ತಂದರು. ಕುರಿ ಕಡಿಯುವ ಕೊರಡಿನಷ್ಟು ದಪ್ಪದ ಪುಸ್ತಕ. ಹುಲ್ಕಿಯ ಮೇಜು ಒಮ್ಮೆ ನರಳಿತು. "ಕೇಳಿ. ಚೌಸ್: ಮೋಸ ಮಾಡು, ಟೋಪಿ ಹಾಕು. ಮೋಸಗಾರ. ಸುಲಭವಾಗಿ ಮೋಸ ಹೋಗುವವನು. ಹಳೆಯ ಪದ."

"ನಿಲ್ಲಿ, ನಿಲ್ಲಿ," ಎಂದ ಹುಲ್ಕಿ. "ಮೋಸ ಮಾಡೋನೂ ಅದೇ, ಮೋಸ ಹೋಗೋನೂ ಅದೇನಾ? ತೋಳಕ್ಕೂ ಕುರಿಗೂ ಒಂದೇ ಹೆಸರಿಟ್ರೆ ಕುರುಬ ಏನು ಮಾಡಬೇಕು?"

"ಹಾಗಾದ್ರೆ ನಾನು ಯಾವುದು?" ಎಂದು ಕೇಳಿದ ಬೆದ್ರಿ.

ಹುಲ್ಕಿ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. "ಎರಡನೇದು."

"ಇನ್ನೂ ಇದೆ," ಎಂದರು ಟೀಚರ್. "ಈ ಪದ ಹುಟ್ಟಿದ್ದು ಬಹುಶಃ ನಮ್ಮ ತುರ್ಕಿಯ ಚಾವುಷ್‌ನಿಂದಲೇ ಅಂತೆ. ನಾನೂರು ವರ್ಷದ ಹಿಂದೆ ಅರಮನೆಯ ಚಾವುಷ್ ಒಬ್ಬ ರಾಯಭಾರಿಯ ವೇಷದಲ್ಲಿ ಲಂಡನ್ನಿಗೆ ಹೋಗಿ, ಅಲ್ಲಿನ ವರ್ತಕರಿಂದ ನಾಲ್ಕು ಸಾವಿರ ಪೌಂಡು ಎತ್ತಿಕೊಂಡು ಓಡಿಹೋದ ಅಂತ ಒಂದು ಕತೆ. ನಿಜವೋ ಸುಳ್ಳೋ ಗೊತ್ತಿಲ್ಲ ಅಂತಾನೂ ಬರೆದಿದ್ದಾರೆ."

"ಆದ್ರೆ ನಮ್ಮಜ್ಜ ಹವಾಲ್ದಾರ," ಎಂದ ಬೆದ್ರಿ.

"ಚಾವುಷ್‌ನಲ್ಲಿ ಎರಡು ಬಗೆ ಇತ್ತಪ್ಪ. ಸೈನ್ಯದವನು ಹವಾಲ್ದಾರ. ಅರಮನೆಯವನು ದೂತ."

"ಸರಿ, ಅಕ್ಷರ ಅಳಿಸಿ ತುರ್ಕಿಯಲ್ಲೇ ಚಾವುಷ್ ಅಂತ ಬರೆಸ್ತೀನಿ. ಆಗ ಸರಿಹೋಯ್ತಲ್ಲ?"

ಟೀಚರ್ ಯೋಚಿಸಿದರು. "ಕ್ಯಾಪ್ಟನ್‌ಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ ಅಂತ ನೀನೇ ಅಂದಿದ್ದೆ. ಪದದ ಮೂಲವೂ ಗೊತ್ತಿದ್ರೆ, ಚಾವುಷ್ ಅಂತ ಓದಿದ ಕೂಡಲೇ ಇದೇ ನೆನಪಾಗುತ್ತೆ."

ಐವತ್ತೆರಡು ವರ್ಷದಿಂದ ಹೆಮ್ಮೆಯಿಂದ ಹೊತ್ತ ಹೆಸರು ಬೆದ್ರಿಯ ಹೆಗಲಿನಿಂದ ಜಾರಿ ಕೆಳಗೆ ಬಿತ್ತು. ಅಜ್ಜ ಹವಾಲ್ದಾರನೋ ಮೋಸಗಾರನೋ ಎಂಬುದೇ ಅವನಿಗೆ ಸಂಶಯವಾಯಿತು. ಮನೆಯಿಂದ ಚಾದರ ತರಿಸಿ ಬೋರ್ಡಿಗೆ ಹೊದಿಸಿದ. ಈಶಾನ್ಯದ ಗಾಳಿ ಅದನ್ನು ಬಿಚ್ಚಿ, ಒಮ್ಮೆ ಝಾಡಿಸಿ, ಕೋಟೆಯಾಚೆ ಕೊಂಡೊಯ್ದಿತು.

"ಇಷ್ಟಕ್ಕೆಲ್ಲ ಯಾಕೆ ಹೆದರ್ತೀಯ?" ಎಂದ ಹುಲ್ಕಿ. "ಮುಂದಿನ ಸಿ ತೆಗೆಸಿಬಿಡು. ಹೌಸ್ ಉಳಿಯುತ್ತೆ. ಹೌಸ್ ಬೆದ್ರಿ. ಮನೆ ಅನ್ನೋದು ಒಳ್ಳೆ ಪದ, ಮರ್ಯಾದಸ್ಥ ಪದ."

ಸೆಜಾಯಿ ಏಣಿ ಹತ್ತಿ ಸಿ ಅಳಿಸಿದ. ಎಲ್ಲರೂ ದೂರ ನಿಂತು ನೋಡಿ ತಲೆದೂಗಿದರು. ಬೆದ್ರಿ ಒಂದು ಲೋಟ ಚಹಾ ಕುಡಿದ.

ಮಧ್ಯಾಹ್ನದ ಹಡಗು ಬಂದು ಹೋದ ಮುಕ್ಕಾಲು ಗಂಟೆಗೆ ಅವನ ಹೆಂಡತಿ ನೆರ್ಮಿನ್‌ಳ ಫೋನು ಬಂತು.

"ರೀ, ಕ್ಯಾಪ್ಟನ್‌ರ ನೆಂಟರು ಇಬ್ಬರು ಮುಂಚೆಯೇ ಬಂದುಬಿಟ್ಟಿದ್ದಾರೆ."

"ಯಾವ ನೆಂಟರು?"

"ಫಾರಿನ್ನಿನವರು. ಗಂಡ ಹೆಂಡತಿ. ಇಬ್ಬರೂ ಮೂಲಂಗಿ ತರಹ ಬೆಳ್ಳಗಿದ್ದಾರೆ. ಕ್ಯಾಪ್ಟನ್ ದೇಶ ಸುತ್ತಿದವರು, ಎಲ್ಲೋ ಸಂಬಂಧ ಮಾಡಿರಬೇಕು ಅಂದ್ಕೊಂಡೆ. ಮುಂದಿನ ಕೋಣೆಯಲ್ಲಿ ಕೂರಿಸಿ, ದ್ರಾಕ್ಷಿ ಎಲೆಯ ಸುರುಳಿ ಕೊಟ್ಟೆ. ಒಂದು ತಟ್ಟೆ ತಿಂದ್ರು. ಆಮೇಲೆ ಆ ಹೆಂಗಸು ಟವೆಲ್ ಕೇಳಿದಳು. ಹೆಣ್ಣು ಕೇಳೋಕೆ ಬಂದವರು ಟವೆಲ್ ಕೇಳೋ ಪದ್ಧತಿ ಚನಕ್ಕಲೆಯಲ್ಲಿ ಇದೆಯಾ?"

"ಈಗೆಲ್ಲಿದ್ದಾರೆ?"

"ಸ್ನಾನ ಮುಗಿಸಿ ನಮ್ಮ ಮಂಚದ ಮೇಲೆ ಮಲಗಿದ್ದಾರೆ."

ಬೆದ್ರಿ ಹುಲ್ಕಿಯ ಕಡೆ ತಿರುಗಿದ. ಹುಲ್ಕಿ ಚಹಾದ ಲೋಟದೊಳಗೆ ನೋಡಿದ.

"ಪೆಟ್ಟಿಗೆ ಎಳ್ಕೊಂಡು ಬಂದ್ರು," ಎಂದ ಹುಲ್ಕಿ. "ನಿನ್ನ ಬೋರ್ಡು ತೋರಿಸಿ, ಹೌಸ್ ಹೌಸ್ ಅಂದ್ರು. ಹೌಸ್ ಅಲ್ಲಿ ಅಂತ ನಿಮ್ಮನೆ ದಾರಿ ತೋರಿಸಿದೆ. ಕೇಳಿದವರಿಗೆ ದಾರಿ ಹೇಳಬಾರದಾ?"

ಅವರು ಹಾಲೆಂಡಿನವರು ಎಂದು ಆಮೇಲೆ ತಿಳಿಯಿತು. ಬೋರ್ಡು ನೋಡಿ ಬಾಡಿಗೆ ಕೋಣೆ ಎಂದುಕೊಂಡಿದ್ದರು. ಮನೆಗೆ ಬಂದ ಅತಿಥಿಯನ್ನು ನಿದ್ದೆಯಿಂದ ಎಬ್ಬಿಸಿ ಹೊರಗೆ ಹಾಕುವುದು ನೆರ್ಮಿನ್‌ಳ ಕೈಯಲ್ಲಿ ಆಗುವಂಥದಲ್ಲ. ಆದ್ದರಿಂದ ಎಲ್ಲಕ್ಕಿಂತ ಮೊದಲು ಬೋರ್ಡು ಬದಲಾಗಬೇಕಿತ್ತು. ಇಲ್ಲದಿದ್ದರೆ ಎರಡರ ಹಡಗಿನಲ್ಲಿ ಇನ್ನಷ್ಟು ಮೂಲಂಗಿ ಇಳಿಯುವ ಸಂಭವವಿತ್ತು.

ಈ ಸಲ ದಾರಿ ತೋರಿಸಿದವರು ಟೀಚರ್. "ಸಿ ವಾಪಸ್ ಬರೆದು, ಯು ಇರೋ ಜಾಗದಲ್ಲಿ ಓ ಮಾಡಿ. ಚೂಸ್ ಆಗುತ್ತೆ. ಆರಿಸಿಕೊಳ್ಳಿ ಅಂತ ಅರ್ಥ. ಹಣ್ಣಿನ ಅಂಗಡಿಗೆ ಬಹಳ ಚೆನ್ನಾಗಿ ಹೊಂದುತ್ತೆ."

"ಯು ಬಾಯಿ ಮುಚ್ಚಿದ್ರೆ ಓ," ಎಂದು ಸೆಜಾಯಿ ಒಂದೇ ಗೆರೆಯಲ್ಲಿ ಕೆಲಸ ಮುಗಿಸಿದ.

ಹುಲ್ಕಿ ಒಳಗೆ ಹೋಗಿ ಗಿರಾಕಿಗಳಿಗೆ ಚಹಾ ಕೊಟ್ಟು ಹೊರಬಂದಾಗ ಬೋರ್ಡು ಸಿದ್ಧವಾಗಿತ್ತು. "ಈಗ ಏನಂತಿದೆ?" ಎಂದು ಕೇಳಿದ.

"ಬೆದ್ರಿಯನ್ನು ಆರಿಸಿ. ಮೂರು ತಲೆಮಾರಿನಿಂದ," ಎಂದು ಟೀಚರ್ ಸ್ಪಷ್ಟವಾಗಿ ಅನುವಾದ ಮಾಡಿದರು.

ಹುಲ್ಕಿಯ ಮುಖ ಕುದಿಯುವ ಕೆಟಲಿನ ಮುಚ್ಚಳದ ಹಾಗೆ ಅದುರತೊಡಗಿತು. ಸಂಘದ ಚುನಾವಣೆಗೆ ಸರಿಯಾಗಿ ಆರು ದಿನ ಉಳಿದಿತ್ತು.

"ಓಹೋ," ಎಂದ. "ಇದಕ್ಕೇನಾ ಬೆಳಿಗ್ಗೆಯಿಂದ ಅಕ್ಷರ ಅಳಿಸೋದು ಬರೆಯೋದು ನಡೀತಿರೋದು? ನನ್ನ ಮೇಜು, ನನ್ನ ಚಹಾ, ನನ್ನ ಏಣಿ, ನನ್ನ ವಿರುದ್ಧವೇ ಪ್ರಚಾರ?"

"ಹುಲ್ಕಿ ಅಣ್ಣ, ನಾನು ಯಾವ ಚುನಾವಣೆಗೂ ನಿಂತಿಲ್ಲ."

"ನಿಂತಿಲ್ಲದವನು ಆರಿಸಿ ಅಂತ ಯಾಕಪ್ಪ ಬರೆಸ್ತಾನೆ? ಅದೂ ಇಂಗ್ಲಿಷಿನಲ್ಲಿ, ನನಗೆ ಗೊತ್ತಾಗಬಾರದು ಅಂತ."

"ಅದು ದ್ರಾಕ್ಷಿ ಆರಿಸೋಕೆ."

"ದ್ರಾಕ್ಷಿಯ ಹೆಸರು ಬೆದ್ರಿ ಅಂತ ಯಾವಾಗಿಂದ?"

ಹುಲ್ಕಿ ತನ್ನ ಏಣಿಯನ್ನು ತಾನೇ ಹೆಗಲಿಗೇರಿಸಿಕೊಂಡು ಒಳಗೆ ಹೋದ. ಕಟ್ಟೆಯ ಮೇಲಿದ್ದ ನಾಲ್ಕಾರು ಬೆಳೆಗಾರರು ಗುಂಪು ಕೂಡಿದರು. ಒಬ್ಬ ಬೆದ್ರಿಯ ಕೈ ಕುಲುಕಿ, "ಧೈರ್ಯ ಮಾಡಿದೆ. ನನ್ನ ಓಟು ನಿನಗೇ, ಆದ್ರೆ ಯಾರಿಗೂ ಹೇಳಬೇಡ," ಎಂದು ಪಿಸುಗುಟ್ಟಿದ. ಹುಲ್ಕಿ ಒಳಗಿನಿಂದಲೇ ಅದನ್ನು ನೋಡಿದ. ತಾನು ಇಷ್ಟೆಲ್ಲ ಯಾವಾಗ ಮಾಡಿದೆ ಎಂದು ಬೆದ್ರಿಗೆ ತಿಳಿಯದಾಯಿತು. ಬೆಳಿಗ್ಗೆ ಮೋಸಗಾರ, ಮಧ್ಯಾಹ್ನ ಹೋಟೆಲಿನವ, ಈಗ ರಾಜಕಾರಣಿ. ಮೂರರಲ್ಲಿ ಯಾವುದು ಮೇಲೆಂದೂ ಹೇಳುವಂತಿರಲಿಲ್ಲ.

ಮೂರೂವರೆ ಆಯಿತು. ಹುಲ್ಕಿಯ ಏಣಿ ಇಲ್ಲದ್ದರಿಂದ ಸೆಜಾಯಿ ದ್ರಾಕ್ಷಿ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಹತ್ತಿ ನಿಂತಿದ್ದ.

"ಅಣ್ಣ, ಮೋಸ ಅಂತ ಬರೆದಿದ್ದಕ್ಕೆ ತಾನೆ ಇಷ್ಟೆಲ್ಲ ಆಗಿದ್ದು? ಅದರ ವಿರುದ್ಧಪದ ಬರೆದುಬಿಡೋಣ, ಮುಗೀತು. ಟೀಚರಮ್ಮ, ಪ್ರಾಮಾಣಿಕ ಅನ್ನೋಕೆ ಏನು?"

"ಆನೆಸ್ಟ್. ಎಚ್, ಓ, ಎನ್, ಇ, ಎಸ್, ಟಿ."

"ಎಚ್ ಎಲ್ಲಿ ಕೇಳಿಸ್ತು? ಆ ಅಂತಲೇ ಶುರುವಾಯ್ತಲ್ಲ."

"ಎಚ್ ಇದೆ. ಉಚ್ಚಾರ ಇಲ್ಲ."

"ಉಚ್ಚಾರವೇ ಇಲ್ಲದ ಅಕ್ಷರಕ್ಕೆ ನಾನು ಬಣ್ಣ ಹಾಳು ಮಾಡಲ್ಲ."

"ಎಚ್ ಇಲ್ಲದೆ ಬರೆದ್ರೆ ನಾನು ಈ ಕಟ್ಟೆ ಬಿಟ್ಟು ಕದಲಲ್ಲ," ಎಂದರು ಟೀಚರ್.

ಪ್ರಾಮಾಣಿಕತೆಯ ಮೊದಲ ಅಕ್ಷರವೇ ಸುಳ್ಳಾಗಿರುವ ಭಾಷೆಯ ಬಗ್ಗೆ ಸೆಜಾಯಿ ಏನೋ ಗೊಣಗುತ್ತ ಎಚ್ ಬರೆದ. ಕೊನೆಯ ಟಿ ಮುಗಿಯುವಾಗ ಹಡಗು ಕೂಗಿತು.

ಕ್ಯಾಪ್ಟನ್ ರಗೀಪ್ ಎಲ್ಲರಿಗಿಂತ ಮೊದಲು ಇಳಿದರು. ಬೆಳ್ಳಿ ಮೀಸೆ, ಇಸ್ತ್ರಿಯ ಅಂಗಿ, ಲೆಕ್ಕ ಹಾಕಿ ಇಡುವ ಹೆಜ್ಜೆ. ಅವರ ಹಿಂದೆ ಹೂಗುಚ್ಛ ಹಿಡಿದ ತಾಯ್‌ಫುನ್, ಚಾಕೊಲೇಟಿನ ಡಬ್ಬಿ ಹಿಡಿದ ಅವನ ತಾಯಿ. ಕ್ಯಾಪ್ಟನ್ ಅಂಗಡಿಯ ಮುಂದೆ ನಿಂತರು. ಅಕ್ಷರಗಳಿಂದ ಇನ್ನೂ ಬಣ್ಣ ಇಳಿಯುತ್ತಿತ್ತು.

"ಆನೆಸ್ಟ್ ಬೆದ್ರಿ," ಎಂದು ಗಟ್ಟಿಯಾಗಿ ಓದಿದರು. ಅವರ ಬಲಗೈ ತಾನಾಗಿ ಜೇಬಿನ ಮೇಲೆ ಹೋಗಿ ಕುಳಿತುಕೊಂಡಿತು.

"ನಲವತ್ತು ವರ್ಷ ಬಂದರು ಸುತ್ತಿದ್ದೀನಿ, ಬೆದ್ರಿಯವರೇ. ಮಾರ್ಸೇಲ್ಸ್, ಅಲೆಕ್ಸಾಂಡ್ರಿಯಾ, ಮುಂಬಯಿ. ಎಲ್ಲಿ ಪ್ರಾಮಾಣಿಕ ಅಂತ ಬೋರ್ಡು ಕಂಡಿತೋ, ಅಲ್ಲಿ ನಮ್ಮ ಹುಡುಗರಿಗೆ ಮೊದಲು ಹೇಳ್ತಿದ್ದೆ, ಪರ್ಸು ಹಡಗಿನಲ್ಲೇ ಬಿಟ್ಟು ಬನ್ನಿ ಅಂತ."

ಕಟ್ಟೆಯಿಂದ ಮನೆಯವರೆಗೆ ಆ ಕೈ ಜೇಬಿನ ಮೇಲಿಂದ ಕದಲಲಿಲ್ಲ. ಪಕ್ಕದಲ್ಲಿ ನಡೆಯುತ್ತಿದ್ದ ಬೆದ್ರಿಗೆ ಅದನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಸೆರಾಪ್ ಆರು ತಿಂಗಳಿಂದ ಈ ದಿನಕ್ಕಾಗಿ ಕಾದವಳು. ಅವಳ ಮುಖ ಅವನಿಗೆ ನೆನಪಾಯಿತು.

ಮುಂದಿನ ಕೋಣೆಯಲ್ಲಿ ಹಾಲೆಂಡಿನ ದಂಪತಿ ತಲೆ ಬಾಚಿಕೊಂಡು, ಏನೋ ಶುಭಕಾರ್ಯವಿದೆ ಎಂದು ಅರ್ಥಮಾಡಿಕೊಂಡು, ಸೋಫಾದ ತುದಿಯಲ್ಲಿ ಭಕ್ತಿಯಿಂದ ಕುಳಿತಿದ್ದರು. ಟೀಚರೂ ಬಂದು ಕುಳಿತರು. ಹುಡುಗಿಗೆ ಪಾಠ ಹೇಳಿದವರಲ್ಲವೇ. ಸೆರಾಪ್ ಕಾಫಿ ತಂದಳು. ತಾಯ್‌ಫುನ್‌ನ ಕಾಫಿಗೆ ಪದ್ಧತಿಯಂತೆ ಉಪ್ಪು ಹಾಕಿದ್ದಳು. ಅವನು ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತ ಕುಡಿದ. ಕ್ಯಾಪ್ಟನ್ ಮಾತ್ರ ಎಡಗೈಯಲ್ಲಿ ಬಟ್ಟಲು ಹಿಡಿದಿದ್ದರು.

ಬೆದ್ರಿಗೆ ಇನ್ನು ತಡೆಯಲಾಗಲಿಲ್ಲ. "ಕ್ಯಾಪ್ಟನ್, ಆ ಬೋರ್ಡು ನನ್ನದಲ್ಲ. ಅಂದ್ರೆ ನನ್ನದೇ, ಆದ್ರೆ ಪೇಂಟರ್ ಗೊಂದಲ ಮಾಡಿದ. ನಮ್ಮ ಮನೆತನಕ್ಕೆ ಚಾವುಷ್ ಅಂತ ಹೆಸರು. ನಮ್ಮಜ್ಜ ಚಾವುಷ್ ಆಗಿದ್ದ."

ಕ್ಯಾಪ್ಟನ್‌ರ ಕೈ ಜೇಬಿನಿಂದ ಎದ್ದಿತು.

"ಚಾವುಷ್?" ಎಂದರು. "ಇದನ್ನ ಮೊದಲೇ ಹೇಳಬಾರದಾಗಿತ್ತಾ? ನಮ್ಮದೂ ಚಾವುಷ್ ವಂಶವೇ. ನಿಮ್ಮದು ಸೈನ್ಯದ್ದಿರಬೇಕು, ನಮ್ಮದು ಅರಮನೆಯದು. ನಮ್ಮ ಮೂಲಪುರುಷ ಒಬ್ಬರು ನಾನೂರು ವರ್ಷದ ಹಿಂದೆ ಸುಲ್ತಾನರ ದೂತರಾಗಿ ಲಂಡನ್ನಿಗೆ ಹೋಗಿದ್ದರು."

ಟೀಚರ ಕೈಯಲ್ಲಿ ಕಾಫಿ ಬಟ್ಟಲು ತಟ್ಟೆಗೆ ತಾಗಿ ಸದ್ದಾಯಿತು.

"ಅವರ ಮೇಲೆ ಅಲ್ಲಿನ ವರ್ತಕರಿಗೆ ಎಂಥ ಪ್ರೀತಿ ಅಂತೀರಿ," ಎಂದು ಕ್ಯಾಪ್ಟನ್ ಮುಂದುವರಿಸಿದರು. "ಕೇಳೋ ಮೊದಲೇ ಹಣ ತಂದು ಕೈಯಲ್ಲಿ ಇಡ್ತಿದ್ದರಂತೆ. ಅವರು ಊರಿಗೆ ಹೊರಟ ದಿನ ವರ್ತಕರೆಲ್ಲ ನದಿಯ ದಡಕ್ಕೆ ಓಡಿಬಂದು, ಮೊಣಕಾಲು ನೀರಿಗಿಳಿದು, ಹೆಸರು ಕೂಗಿ ಕೂಗಿ ಅತ್ತರಂತೆ. ಇವತ್ತಿಗೂ ಆ ಊರವರು ಅವರನ್ನ ಮರೆತಿಲ್ಲ ಅಂತ ನಮ್ಮ ತಾತ ಹೇಳ್ತಿದ್ದರು."

"ಮರೆತಿಲ್ಲ," ಎಂದರು ಟೀಚರ್. "ನಿಘಂಟಿನಲ್ಲೂ ಇದೆ."

ಬೆದ್ರಿ ಮೇಜಿನ ಕೆಳಗೆ ಅವರ ಕಾಲು ತುಳಿಯಲು ಹೋಗಿ ಹಾಲೆಂಡಿನವನ ಕಾಲು ತುಳಿದ. ಅವನು ಎದ್ದು ನಿಂತು ನಮಸ್ಕರಿಸಿದ.

"ನಿಘಂಟಿನಲ್ಲಿ?" ಕ್ಯಾಪ್ಟನ್ ಬಟ್ಟಲು ಕೆಳಗಿಟ್ಟರು. "ನಮ್ಮ ಹಿರಿಯರ ಹೆಸರಲ್ಲಿ ಇಂಗ್ಲಿಷಿನಲ್ಲಿ ಒಂದು ಪದವೇ ಇದೆಯಾ? ನನಗೆ ಬಂದರಿನ ಇಂಗ್ಲಿಷ್ ಬಿಟ್ಟು ಪುಸ್ತಕದ್ದು ಗೊತ್ತಿಲ್ಲ. ಏನು ಅರ್ಥ ಕೊಟ್ಟಿದ್ದಾರೆ?"

ಟೀಚರ್ ಬಾಯಿ ತೆರೆದರು. ಬೆದ್ರಿ ಮಗಳ ಮುಖ ನೋಡಿದ. ಐವತ್ತೆರಡು ವರ್ಷದಲ್ಲಿ ಕೊಳೆತ ಒಂದು ದ್ರಾಕ್ಷಿಯನ್ನೂ ಗೊಂಚಲಿನ ಒಳಗೆ ಬಚ್ಚಿಟ್ಟು ಮಾರಿದವನಲ್ಲ ಅವನು.

"ಪ್ರಾಮಾಣಿಕ ಅಂತ," ಎಂದ. "ಬಹಳ ನಂಬಿಕಸ್ಥ ಮನುಷ್ಯ. ಹೀಗೆ ಕೊಟ್ಟಿದ್ದಾರೆ. ಅದಕ್ಕೇ ನಾನು ಬೋರ್ಡಿನಲ್ಲಿ ಆನೆಸ್ಟ್ ಅಂತ ಬರೆಸಿದ್ದು."

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು, ಎಷ್ಟು ಸುಲಭ ಎಂದು. ಕ್ಯಾಪ್ಟನ್ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಜೇಬಿನಿಂದ ಸಣ್ಣ ಪುಸ್ತಕ, ಪೆನ್ನು ತೆಗೆದರು.

"ಟೀಚರಮ್ಮ, ಅಕ್ಷರ ಹೇಳಿ. ಬರೆದಿಟ್ಟುಕೊಳ್ತೀನಿ."

ಪೆರಿಹಾನ್ ಟೀಚರ್ ಬೇರೆ ಏನು ಬೇಕಾದರೂ ನುಂಗಿಕೊಳ್ಳಬಲ್ಲರು, ಸ್ಪೆಲ್ಲಿಂಗ್ ಒಂದನ್ನು ಬಿಟ್ಟು. ಕಣ್ಣು ಮುಚ್ಚಿ ಹೇಳಿದರು: "ಸಿ, ಎಚ್, ಓ, ಯು, ಎಸ್, ಇ."

ಆತಿಥ್ಯದ ಋಣ ತೀರಿಸಲು ಮಧ್ಯಾಹ್ನದಿಂದ ದಾರಿ ಹುಡುಕುತ್ತಿದ್ದ ಹಾಲೆಂಡಿನವನಿಗೆ ಅಕ್ಷರಗಳಾದರೂ ಅರ್ಥವಾದವು. ಅವನು ಫೋನು ತೆಗೆದು, ಆರೂ ಅಕ್ಷರ ಒತ್ತಿ, ಬಂದ ಉತ್ತರವನ್ನು ಓದದೆ, ಎರಡೂ ಕೈಯಲ್ಲಿ ಹಿಡಿದು ಕ್ಯಾಪ್ಟನ್‌ರಿಗೆ ಒಪ್ಪಿಸಿದ.

ಕ್ಯಾಪ್ಟನ್ ಓದಿದರು. ಬೆರಳಿನಿಂದ ಮೇಲೆ ಸರಿಸಿ ಮತ್ತೆ ಓದಿದರು. ಬೆದ್ರಿ ಬಾಗಿಲು ಎಷ್ಟು ದೂರವಿದೆ ಎಂದು ನೋಡಿದ.

"ಮೋಸಗಾರ ಅಂತಿದೆ," ಎಂದರು ಕ್ಯಾಪ್ಟನ್ ನಿಧಾನವಾಗಿ. "ವರ್ತಕರು ನೀರಿಗಿಳಿದು ಅತ್ತದ್ದು ಯಾಕೆ ಅಂತ ಈಗ ಗೊತ್ತಾಯ್ತು. ನಿಮಗೆ ಇದು ಮೊದಲೇ ಗೊತ್ತಿತ್ತು."

"ಬೆಳಿಗ್ಗೆ ಹತ್ತರಿಂದ," ಎಂದ ಬೆದ್ರಿ.

"ಗೊತ್ತಿದ್ದೂ ನನ್ನ ಮುಖ ನೋಡಿಕೊಂಡೇ ಪ್ರಾಮಾಣಿಕ ಅಂದ್ರಿ. ನನ್ನ ಕಣ್ಣಲ್ಲಿ ನೀರು ಬರಿಸಿದ್ರಿ. ಕೈಯನ್ನೂ ಜೇಬಿನಿಂದ ತೆಗೆಸಿದ್ರಿ. ನಲವತ್ತು ವರ್ಷದಲ್ಲಿ ಯಾವ ಬಂದರಿನವನೂ ನನಗೆ ಇಷ್ಟು ಮಾಡಿರಲಿಲ್ಲ."

ಕ್ಯಾಪ್ಟನ್ ಎದ್ದು ನಿಂತರು. ಬೆದ್ರಿಯೂ ಎದ್ದ, ಅವರಿಗೆ ಬಾಗಿಲು ತೆಗೆಯಲೆಂದು. ಆದರೆ ಕ್ಯಾಪ್ಟನ್ ಎರಡೂ ತೋಳು ಚಾಚಿ ಅವನನ್ನು ಬಿಗಿಯಾಗಿ ಅಪ್ಪಿಕೊಂಡರು.

"ನೆರ್ಮಿನಮ್ಮ, ಸಿಹಿ ತನ್ನಿ," ಎಂದರು. "ದೇವರ ಆಜ್ಞೆಯಂತೆ ನಿಮ್ಮ ಮಗಳನ್ನ ನಮ್ಮ ಹುಡುಗನಿಗೆ ಕೇಳ್ತಿದ್ದೀನಿ. ನಾನೂರು ವರ್ಷದಿಂದ ನಮ್ಮ ಮನೆತನಕ್ಕೆ ಇಷ್ಟು ಸರಿಸಮಾನದ ಬೀಗರು ಸಿಕ್ಕಿರಲಿಲ್ಲ."

ಸೆರಾಪ್ ಅಡುಗೆಮನೆಗೆ ಓಡಿದಳು. ಹಾಲೆಂಡಿನವರು ಚಪ್ಪಾಳೆ ತಟ್ಟಿದರು. ಎಲ್ಲರೂ ಎಲ್ಲರನ್ನೂ ಅಪ್ಪಿಕೊಳ್ಳುತ್ತಿದ್ದಾಗ, ಕ್ಯಾಪ್ಟನ್‌ರ ಹಿಡಿತದಿಂದ ಬಿಡಿಸಿಕೊಳ್ಳಲಾರದೆ ಬೆದ್ರಿ ಅವರ ಭುಜದ ಮೇಲಿಂದಲೇ ಕಷ್ಟಪಟ್ಟು ಹೇಳಿದ:

"ಕ್ಯಾಪ್ಟನ್, ದಯವಿಟ್ಟು ನಂಬಿ. ನಾನು ನಿಜವಾಗಿಯೂ ಪ್ರಾಮಾಣಿಕ ಮನುಷ್ಯ. ಇವತ್ತಿನವರೆಗೆ ಯಾರಿಗೂ ಮೋಸ ಮಾಡಿದವನಲ್ಲ."

ಕ್ಯಾಪ್ಟನ್ ಅವನ ಬೆನ್ನು ತಟ್ಟಿದರು.

"ಲಂಡನ್ನಿನಲ್ಲಿ ನಮ್ಮ ಹಿರಿಯರೂ ಹೀಗೇ ಹೇಳಿರಬೇಕು."